ಸೀಡಿಗೂ ಹಲ್ಲುಜ್ಜುವ ಯೋಗ

ಶ್ರೀನಿವಾಸಪುರದಲ್ಲಿ ಮಾವಿನಕಾಯಿಗೆ ಗೀರು ಬಿದ್ದರೆ ಮಂಡಿಯಲ್ಲಿ ಬೆಲೆ ಬೀಳುತ್ತದೆ. ಸೀಡಿಗೆ ಗೀರು ಬಿದ್ದರೆ ಮನೆಯಲ್ಲಿ ಪೇಸ್ಟು ಖಾಲಿಯಾಗುತ್ತದೆ.

ಊರಿನ ನಿವೃತ್ತ ಮೇಷ್ಟ್ರೊಬ್ಬರು 2006ರ ‘ಮುಂಗಾರು ಮಳೆ’ಯ ಹಾಡಿನ ಸೀಡಿಯನ್ನು ಇನ್ನೂ ಕೈಬಿಟ್ಟಿಲ್ಲ. ಪಲ್ಲವಿಯಲ್ಲೇ ಗಾಯಕರು ತೊದಲತೊಡಗಿದರೆ ಸಾಕು, ಮೇಷ್ಟ್ರು ಸೀಡಿಗೆ ಪೇಸ್ಟು ಹಚ್ಚಿ ಒರೆಸಲು ಹಳೇ ಬನಿಯನ್ ಹುಡುಕುತ್ತಾರೆ. “ಮೊಮ್ಮಗನ ಹಲ್ಲಿಗೆ ಪೇಸ್ಟಿಲ್ಲ, ನಿಮ್ಮ ತಟ್ಟೆಗೆ ಬೇಕಾ?” ಎಂದು ಒಳಗಿನಿಂದ ಗುಡುಗು. ಮಳೆಯಂತೂ ಇಲ್ಲ.

ಆದರೆ ಪೇಸ್ಟಿನ ಮದ್ದು ಪೂರಾ ಸುಳ್ಳಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸೀಡಿಯ ದಪ್ಪ 1.2 ಮಿ.ಮೀ., ಅದರಲ್ಲಿ ಬಹುಪಾಲು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಲೇಸರ್ ಕಿರಣ ಕೆಳಗಿನಿಂದ ಅದನ್ನು ಹಾದು ಹೋಗಬೇಕು. ಗೀರಿನಲ್ಲಿ ಅಡ್ಡದಾರಿ ಹಿಡಿಯುತ್ತದೆ. ಬಿಳಿ ಪೇಸ್ಟಿನ ನುಣುಪು ಪುಡಿ ಗೀರಿನ ಅಂಚನ್ನು ಸವೆಸುತ್ತದೆ. ಜೆಲ್ ಪೇಸ್ಟಿನಿಂದ ಹೆಚ್ಚಾಗಿ ಪರಿಮಳವಷ್ಟೇ ಲಾಭ.

ಮೊದಲು ಸೋಪುನೀರಲ್ಲಿ ತೊಳೆದು, ನಡುವಿನ ತೂತಿನಿಂದ ಅಂಚಿನತ್ತ ನೇರವಾಗಿ ಒರೆಸಬೇಕು. ಹಾಡು ಸುರುಳಿಯಾಗಿ ಬರೆದಿರುವುದರಿಂದ ಅಡ್ಡಗೀರಿನಲ್ಲಿ ಕಳೆದ ಚೂರನ್ನು ಪ್ಲೇಯರ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಗುಂಡಗೆ ತಿಕ್ಕಿ ಬಿದ್ದ ಗೀರು ಸುರುಳಿಯುದ್ದಕ್ಕೂ ಸಾಗಿ ಇಡೀ ಸಾಲನ್ನೇ ನುಂಗುತ್ತದೆ. ಮೇಷ್ಟ್ರು ಇದನ್ನು ಮನೆಮಂದಿಗೆಲ್ಲ ಪಾಠ ಮಾಡಿದ್ದಾರೆ. ಪರೀಕ್ಷೆ ಇಟ್ಟಿಲ್ಲವೆಂಬುದೇ ಪುಣ್ಯ.

ಚಿತ್ರ ಅಚ್ಚಾದ ಮೇಲ್ಭಾಗ ಕಿತ್ತರೆ ಮಾತ್ರ ಯಾವ ಮದ್ದೂ ಇಲ್ಲ. ಅಲ್ಯೂಮಿನಿಯಂ ಪದರ ಇರುವುದು ಅಲ್ಲೇ, ತೆಳು ಮೆರುಗಿನ ಲೇಪದ ಅಡಿಯಲ್ಲಿ. ಸೀಡಿಯನ್ನು ಬೆಳಕಿಗೆ ಹಿಡಿದು ನೋಡಿ: ಚುಕ್ಕಿ ಚುಕ್ಕಿಯಾಗಿ ಬೆಳಕು ತೂರಿ ಬಂದರೆ ಪೇಸ್ಟನ್ನು ಹಲ್ಲಿಗೇ ಉಳಿಸಿ.