ಕಡಲಿಗೆ ಪಹಣಿ ಇಲ್ಲ

ಕರ್ನಾಟಕ ಸರ್ಕಾರದ ಮುಖ್ಯ ಕಾರ್ಯದರ್ಶಿಗಳಿಗೆ,



ತಿ. ನರಸೀಪುರ ತಾಲ್ಲೂಕಿನ ಸೋಸಲೆಯಿಂದ ಬರೆಯುತ್ತಿದ್ದೇನೆ. ನಮ್ಮದು ಹೊಳೆ ದಡದ ಊರು, ಕಡಲು ದೂರ. ಆದರೆ ಮಂಗಳೂರಿನ ಕಡಲಲ್ಲಿ ಇಳಿಯುವ ಕಚ್ಚಾ ತೈಲವೇ ಪೆಟ್ರೋಲು, ಡೀಸೆಲ್ಲಾಗಿ ಪೈಪಿನಲ್ಲಿ ಹಾಸನ, ಬೆಂಗಳೂರಿಗೆ ಹರಿಯುತ್ತದೆ. ಉರಿಸುವವರಲ್ಲಿ ನಾವೂ ಇದ್ದೇವೆ. ಚೆಲ್ಲಿದಾಗ ದನಿಯೆತ್ತುವ ಹೊಣೆಯೂ ನಮ್ಮದು.

2006ರ ಮೇ 30ರಂದು ಕಾರವಾರದ ಆಯಿಸ್ಟರ್ ರಾಕ್ ಬಳಿ ‘ಓಷನ್ ಸೆರಾಯಾ’ ಹಡಗು ಬಂಡೆಗೆ ಸಿಕ್ಕಿ ಅದರ ಎಣ್ಣೆ ದಂಡೆಗೆ ಬಂತು. 2022ರ ಜೂನ್‌ನಲ್ಲಿ ಉಳ್ಳಾಲ ಸಮೀಪ ‘ಪ್ರಿನ್ಸೆಸ್ ಮಿರಾಲ್’ ಮುಳುಗಿತು. ಕೋಸ್ಟ್ ಗಾರ್ಡ್‌ನವರು 15 ನಾವಿಕರನ್ನೂ ಉಳಿಸಿದರು, ಅವರಿಗೆ ಕೈಮುಗಿಯಬೇಕು. 2025ರ ಮೇ 25ರಂದು ಕೊಚ್ಚಿಯಾಚೆ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ರಲ್ಲಿ 367 ಟನ್ ಫರ್ನೇಸ್ ಆಯಿಲ್ ಇತ್ತು. ಮೂರೂ ಮುಂಗಾರಿನ ಹೊತ್ತಿಗೇ. ಆ ಅಲೆಗೆ ಎಣ್ಣೆ ತಡೆಯುವ ಬೂಮ್ ನಿಲ್ಲುವುದು ಕಷ್ಟ. ಗಾಳಿ ಬೀಸುವುದೂ ದಂಡೆಯ ಕಡೆಗೇ.

ಹೀಗೆ ಚೆಲ್ಲಿದ ಎಣ್ಣೆಯನ್ನು ಎದುರಿಸಲು 1996ರಿಂದ ದೇಶಕ್ಕೊಂದು ಯೋಜನೆಯಿದೆ. ಕಡಲಲ್ಲಿ ಕೋಸ್ಟ್ ಗಾರ್ಡ್, ಬಂದರಿನೊಳಗೆ ಬಂದರಿನವರು, ದಂಡೆಗೆ ಬಿದ್ದದ್ದಕ್ಕೆ ರಾಜ್ಯ. ಅದಕ್ಕೇ ತಮಗೆ ಬರೆದೆ.

ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ನೀರಿಗಿಳಿಯುವುದು ನಾಡದೋಣಿ. ಫರ್ನೇಸ್ ಆಯಿಲ್ ಮೆತ್ತಿದ ಬಲೆ ಎಷ್ಟು ಉಜ್ಜಿದರೂ ಶುದ್ಧವಾಗದು, ಗಂಟುಗಂಟಿನಲ್ಲೂ ಕಚ್ಚಿಕೊಳ್ಳುತ್ತದೆ. ಮೀನು ಚೆನ್ನಾಗಿದ್ದರೂ ಕೊಳ್ಳುವವರು ಹಿಂದೆಗೆಯುತ್ತಾರೆ. ಪರಿಹಾರ ಕೇಳಿದರೆ ಹಡಗಿನ ವಿಮೆಯವರಿಗೆ ದಾಖಲೆ ಬೇಕು. ದಂಡೆಯಲ್ಲೇ ಬುಟ್ಟಿ ಲೆಕ್ಕದಲ್ಲಿ ಮಾರಿದವಳು ಯಾವ ರಸೀದಿ ತೋರಿಸಬೇಕು?

ಕಬಿನಿ, ಕೆಆರ್‌ಎಸ್ ಎರಡೂ ತುಂಬಿ ನೀರು ಬಿಟ್ಟು ನಮ್ಮ ಗದ್ದೆ ಮುಳುಗಿದರೆ ಗ್ರಾಮ ಆಡಳಿತಾಧಿಕಾರಿಗಳು ಬಂದು ಸರ್ವೆ ನಂಬರ್ ಬರೆದುಕೊಳ್ಳುತ್ತಾರೆ. ದುಡ್ಡು ತಡವಾದೀತು, ಸಾಲದೇ ಹೋದೀತು. ನಷ್ಟ ಯಾರದೆನ್ನಲು ಪಹಣಿಯಂತೂ ಇದೆ. ಕಡಲಿಗೆ ಅದಿಲ್ಲ. ಬರೆದಿಡದ ದುಡಿಮೆ ಕಳೆದುಹೋದರೆ, ಕಳೆದದ್ದೂ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಆದ್ದರಿಂದ ಪ್ರತಿ ನಾಡದೋಣಿಯ, ದಡದಿಂದ ಬಲೆ ಎಳೆಯುವ ಕೈರಂಪಣಿ ತಂಡದ, ಮೀನು ಮಾರುವ ಹೆಂಗಸರ ಮಳೆಗಾಲದ ಗಳಿಕೆಯನ್ನು ಮೀನುಗಾರಿಕೆ ಇಲಾಖೆ ವರ್ಷವರ್ಷವೂ ದಾಖಲಿಸಲಿ. ಏಪ್ರಿಲ್ ಮುಗಿಯುವುದರೊಳಗೆ ಕಾರವಾರ, ಮಲ್ಪೆ, ಉಳ್ಳಾಲದಲ್ಲಿ ಅವರನ್ನೂ ಸೇರಿಸಿ, ಕೂಲಿ ಕೊಟ್ಟು, ಎಣ್ಣೆ ತೆಗೆಯುವ ಅಣಕು ಕಾರ್ಯಾಚರಣೆ ನಡೆಸಿ. 2017ರಲ್ಲಿ ಚೆನ್ನೈನ ಎಣ್ಣೂರಿನಲ್ಲಿ ಕಡಲಿಗೆ ಚೆಲ್ಲಿದ ಎಣ್ಣೆಯನ್ನು ಜನ ಬಕೆಟ್ ಹಿಡಿದು ಬಾಚಿದ್ದನ್ನು ದೇಶವೇ ನೋಡಿದೆ. ನಮ್ಮ ದಂಡೆಗೆ ಬೇಕಾದ ಕೈಗವಸು, ಬೂಟು ಯಾವ ಗೋದಾಮಿನಲ್ಲಿವೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ, ಬಾಚಿದ ಎಣ್ಣೆಮರಳನ್ನು ಎಲ್ಲಿ ಸುರಿಯಬೇಕು ಎಂಬುದನ್ನು ಮೂರೂ ಕರಾವಳಿ ಜಿಲ್ಲೆಗಳ ಪಂಚಾಯಿತಿ ಕಚೇರಿಗಳಲ್ಲಿ ಕನ್ನಡದಲ್ಲಿ ಬರೆಸಿ ಹಾಕಿಸಿ.

ಇಂತಿ,
ಸೋಸಲೆಯ ಒಬ್ಬ ರೈತ