ಅಮ್ಮನ ಜೊತೆ ಆಫೀಸ್ ಟೂರು

ಕಂಪನಿ ಖರ್ಚಿನಲ್ಲಿ ಫ್ರಾಂಕ್‌ಫರ್ಟ್‌ಗೆ ಹೋಗುವವರು ಅಮ್ಮನನ್ನೂ ಕರೆದೊಯ್ಯಬಹುದು. ಅಮ್ಮನ ಟಿಕೆಟ್ಟಿಗೆ ಮಾತ್ರ ನಮ್ಮ ಜೇಬೇ ಗತಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆಯೂ ಬೇಕು. ಆ ಅಂಕಿ ಕೇಳಿದ ಅಮ್ಮ, "ಅಷ್ಟು ದುಡ್ಡು ಬರೋದಾದ್ರೆ ಒಂದ್ಸಲ ಜ್ವರ ಬಂದ್ರೂ ಪರವಾಗಿಲ್ಲ ಕಣೋ" ಅಂದಳು.

ಪ್ಯಾಕಿಂಗ್‌ನದು ಬೇರೆಯೇ ಪುರಾಣ. ಪ್ರಯಾಣಿಕರು ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ ಎಂಬುದು ಐರೋಪ್ಯ ಒಕ್ಕೂಟದ ಕಟ್ಟಪ್ಪಣೆ. ಹಾಗಾಗಿ ತುಪ್ಪಕ್ಕೂ ಧಾರವಾಡ ಪೇಡಕ್ಕೂ ಬೆಂಗಳೂರಲ್ಲೇ ವಿದಾಯ. ಆ ಜಾಗದಲ್ಲಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಹಿಟ್ಟು ಬಂದು ಕೂತವು. ಪೆಟ್ಟಿಗೆಯಲ್ಲಿ ಜಾಗ ಸಾಲದೆ ನನ್ನ ಕೋಟು ಮೈಮೇಲೇ ಪ್ರಯಾಣ ಮಾಡಿತು.

ನಾನು ಮೀಟಿಂಗಿನಲ್ಲಿ ತೂಕಡಿಸುವ ಹೊತ್ತಿಗೆ ಅಮ್ಮ ಜರ್ಮನಿಯ ಅರ್ಥವ್ಯವಸ್ಥೆಯನ್ನೇ ಅರೆದು ಕುಡಿದಿದ್ದಳು. ಅಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ. ಖಾಲಿಯಾದದ್ದನ್ನು ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಹಣ ವಾಪಸ್ಸಿನ ಚೀಟಿ ಬರುತ್ತದೆ. ಹಾಲಿನ ಕವರನ್ನು ತೊಳೆದು, ಒಣಗಿಸಿ, ಗುಜರಿಗೆ ಹಾಕುವ ಕೈಗೆ ಇದೇನು ಹೊಸ ವಿದ್ಯೆಯೇ? ನನ್ನ ಸಹೋದ್ಯೋಗಿಗಳ ಬಾಟಲಿಗಳೂ ಅಮ್ಮನ ಚೀಲ ಸೇರತೊಡಗಿದವು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿದ್ದು ಕಂಡು, "ಯಾರು ಕರೆ ಕೊಟ್ಟಿದ್ದೋ ಈ ಬಂದ್‌ಗೆ?" ಎಂದು ವಿಚಾರಿಸಿದಳು. ಇಲ್ಲಿ ಪ್ರತಿ ಭಾನುವಾರ ಹೀಗೇ ಎಂದರೆ, "ವ್ಯಾಪಾರ ಬೇಡವಾ ಇವರಿಗೆ?" ಎಂದು ಮರುಗಿದಳು. ಅಮ್ಮನ ಚಟ್ನಿಪುಡಿಯ ರುಚಿ ನೋಡಿದ ನಮ್ಮ ಜರ್ಮನ್ ಗಿರಾಕಿಯೋ, ಮೀಟಿಂಗಿನಲ್ಲಿ ಒಪ್ಪಂದಕ್ಕಿಂತ ಅದರ ಬಗ್ಗೆಯೇ ಹೆಚ್ಚು ಪ್ರಶ್ನೆ ಕೇಳಿದ.

ಆಫೀಸ್ ಕೆಲಸಕ್ಕೆ ಪರದೇಶಕ್ಕೆ ಹೊರಟವರೇ, ಅಪ್ಪ-ಅಮ್ಮನನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ದಿನಭತ್ಯೆ ಎಷ್ಟೆಂದು ಮಾತ್ರ ಬಾಯಿಬಿಡಬೇಡಿ. ಉಳಿದದ್ದೆಷ್ಟು ಎಂದು ರಾತ್ರಿ ರಾತ್ರಿ ಲೆಕ್ಕ ಒಪ್ಪಿಸಬೇಕಾದೀತು.