ಈ ಖರ್ಚು ಯಾವ ಲೆಕ್ಕಕ್ಕೆ?

ಕಡಿಮೆ ಖರ್ಚಿನ ವೈನ್ ಪ್ರವಾಸ ಅಂತ ಒಂದಿದೆ ಎಂದು ಬೆಂಗಳೂರಿನ ದಂಪತಿಗಳು ನಂಬಿದ್ದಾರೆ. ನಂಬಲಿ ಬಿಡಿ, ಹೆಬ್ಬಾಳ ಫ್ಲೈಓವರನ್ನು ಹತ್ತು ನಿಮಿಷದಲ್ಲಿ ದಾಟಬಹುದು ಎಂದು ನಂಬಿದವರೂ ಈ ಊರಲ್ಲಿದ್ದಾರೆ. ಕೂರ್ಗಿನ ಹೋಂಸ್ಟೇಯವರು ಒಂದು ರಾತ್ರಿಯ ಬಾಡಿಗೆ ಕೇಳಿದರೆ ತೋಟದ ಕ್ರಯ ಹೇಳುತ್ತಾರೆ. ಗೋವಾಕ್ಕೆ ಆಫೀಸಿನವರ ಜೊತೆ ಹೋಗಿಬಂದಾಗಿದೆ. ಧರ್ಮಸ್ಥಳವೆಂದರೆ ಹಿಂದಿನ ಸೀಟಿನಲ್ಲಿ ಅತ್ತೆ ಮಾವ ಕೂತಿರುತ್ತಾರೆ. ಇಬ್ಬರೇ ಹೋಗಿ, ಉದ್ದ ಕಾಲಿನ ಲೋಟವನ್ನು ಸಂಜೆ ಬಿಸಿಲಿಗೆ ಎತ್ತಿ ಹಿಡಿದು ಸ್ಟೇಟಸ್ ಹಾಕಲು ಉಳಿದಿರುವುದು ದ್ರಾಕ್ಷಿ ಸೀಮೆಯೊಂದೇ. ಫ್ರಾನ್ಸ್, ನಾಪಾ ಕಣಿವೆ ಅಂದರೆ ವೀಸಾ ಬೇಕು. ಬರೀ ಫಾಸ್ಟ್‌ಟ್ಯಾಗಿಗೆ ಸಿಗುವ ಫ್ರಾನ್ಸ್ ಮಾತ್ರ ನಲವತ್ತು ಕಿಲೋಮೀಟರಿನಲ್ಲಿದೆ. ದೊಡ್ಡಬಳ್ಳಾಪುರ ಅಂತ ಅದರ ಹೆಸರು.

ತಮಾಷೆಯಲ್ಲ. 1988ರಲ್ಲಿ ಕನ್ವಲ್ ಗ್ರೋವರ್ ಫ್ರೆಂಚ್ ತಳಿಯ ಬಳ್ಳಿಗಳನ್ನು ತಂದು ನೆಟ್ಟದ್ದು ಇಲ್ಲೇ, ನಂದಿ ಬೆಟ್ಟದ ಕಣ್ಣಳತೆಯಲ್ಲಿ. ಆಮೇಲೆ ಮಿಶೆಲ್ ರೋಲಾನ್ ಎಂಬ ಜಗತ್ಪ್ರಸಿದ್ಧ ತಜ್ಞರು ಬೋರ್ಡೋದಿಂದ ಬಂದು ಸಲಹೆ ಕೊಟ್ಟರು. 2007ರಲ್ಲಿ ಸರ್ಕಾರ ವೈನ್ ನೀತಿಯನ್ನೇ ತಂದಿತು, ದ್ರಾಕ್ಷಾರಸ ಮಂಡಳಿ ಬಂತು, ಮೇಳಗಳಾದವು. ಇದಕ್ಕೆಲ್ಲ ಮುಂಚೆ ಈ ಊರು ಹೆಸರಾಗಿದ್ದದ್ದು ಮಗ್ಗಕ್ಕೆ ಮತ್ತು ಘಾಟಿ ಸುಬ್ರಹ್ಮಣ್ಯ ಸ್ವಾಮಿಗೆ. ಸ್ವಾಮಿಯನ್ನು ಇಲ್ಲಿ ಸುಮ್ಮನೆ ಕರೆತಂದಿಲ್ಲ, ಮುಂದೆ ಅವನದೂ ಪಾತ್ರವಿದೆ.

ನನಗೆ ಗೊತ್ತಿರುವ ಒಂದು ಜೋಡಿ ಹೋದ ಫೆಬ್ರವರಿಯಲ್ಲಿ ಈ ಪ್ರವಾಸ ಮಾಡಿತು. ಅವನು ತೀರ್ಥಹಳ್ಳಿ ಕಡೆ ಅಡಿಕೆ ತೋಟದವರ ಮಗ. ಅವಳು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವಳು, ಹುಟ್ಟಿ ಬೆಳೆದದ್ದೇ ದ್ರಾಕ್ಷಿ ಪಡದ ನಡುವೆ. ಪ್ರೇಮಿಗಳ ದಿನಕ್ಕೆ ಎಲ್ಲ ಕಡೆ ರೇಟು ಏರಿಸಿರುತ್ತಾರೆ, ಪ್ರೀತಿ ಒಂದು ವಾರ ತಡವಾದರೆ ಕೆಟ್ಟು ಹೋಗುವ ಪದಾರ್ಥವಲ್ಲ ಎಂದು ಲೆಕ್ಕ ಹಾಕಿ, 14ನೇ ತಾರೀಕು ದಾಟಿಸಿ ಹೊರಟರು. ಬಜೆಟ್ ₹5,000. ಅವನು ಎಕ್ಸೆಲ್ ಶೀಟ್ ತೆರೆದ. ಗಂಡಸರು ಖರ್ಚು ಕಡಿಮೆ ಮಾಡಬೇಕೆಂದಾಗಲೆಲ್ಲ ಮೊದಲು ಮಾಡುವ ಕೆಲಸ ಅದೇ.

ನಿಜವಾಗಿ ಕಡಿಮೆ ಖರ್ಚಿನಲ್ಲಿ ಹೋಗಿಬರುವ ದಾರಿಯೊಂದು ಇತ್ತು. ದೊಡ್ಡಬಳ್ಳಾಪುರಕ್ಕೆ ಸರ್ಕಾರಿ ಬಸ್ಸಿದೆ. ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಟಿಕೆಟ್ಟೇ ಇಲ್ಲ, ಆಧಾರ್ ಕಾರ್ಡ್ ತೋರಿಸಿ ಕೂತರಾಯಿತು. ಅವನದೊಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಒಂದು ಆಟೋ. ಕುಡಿದು ಗಾಡಿ ಓಡಿಸುವ ಭಯವೂ ಇಲ್ಲ. ಹೆಂಡತಿಯನ್ನು ಪುಕ್ಕಟೆ ಕರೆದೊಯ್ಯುವ ವೈನ್ ಸೀಮೆ ಇನ್ನೆಲ್ಲಿ ಸಿಕ್ಕೀತು? ನಾನಿದನ್ನು ಹೇಳಿದಾಗ ಅವನು, ಮಂಗಳಸೂತ್ರ ಅಡ ಇಡು ಅಂದವನನ್ನು ನೋಡುವಂತೆ ನನ್ನನ್ನು ನೋಡಿದ. "ವೈನ್ ಟೇಸ್ಟಿಂಗಿಗೆ ಬಸ್ಸಲ್ಲಿ ಹೋಗೋದಾ ಮಾರಾಯ್ರೆ?" ಸರಿಯಾದ ಮಾತೇ. ಸಾರಾಯಿಗೆ ಬಸ್ಸು, ವೈನಿಗೆ ಕಾರು. ವರ್ಣಾಶ್ರಮ ಎಲ್ಲಿ ಹೋದೀತು, ಲೋಟದ ಆಕಾರ ಬದಲಾಯಿಸಿಕೊಂಡು ಇಲ್ಲೇ ಇದೆ.

ಹಾಗಾಗಿ ಕಾರು. ಕಾರೆಂದ ಮೇಲೆ ಪೆಟ್ರೋಲು, ಟೋಲು. ಆದರೆ ಅವನ ಶೀಟಿನಲ್ಲಿ ಪ್ರವಾಸದ ಖರ್ಚು ಇನ್ನೂ ಸೊನ್ನೆ, ಯಾಕೆಂದರೆ ಅವೆರಡೂ 'ಕಾರು' ಎಂಬ ಬೇರೆ ಹಾಳೆಯಲ್ಲಿದ್ದವು. ಬಳ್ಳಿಗಳ ನಡುವೆ ನಿಲ್ಲಲು ಅವಳು ಕೊಂಡ ಬಿಳಿ ಲಿನನ್ ಉಡುಪು 'ಯುಗಾದಿ ಬಟ್ಟೆ'ಗೆ ಹೋಯಿತು. ಈ ವಿದ್ಯೆಯನ್ನು ಅವನು ಯಾವ ಬಿಸಿನೆಸ್ ಸ್ಕೂಲಿನಲ್ಲೂ ಕಲಿತವನಲ್ಲ, ವಿಧಾನಸೌಧದ ಗಾಳಿ ಬೀಸುವ ಊರಿನಲ್ಲಿ ಬಾಡಿಗೆಗಿದ್ದಾನೆ, ಅಷ್ಟೆ. ಅಲ್ಲೂ ಸಾಲ ಮಾಡಿದರೆ ಬಜೆಟ್ಟಿನ ಹೊರಗಿನ ಸಾಲ ಎನ್ನುತ್ತಾರೆ, ಮುಗಿಯಿತು. 2025–26ರ ಬಜೆಟ್ಟಿನಲ್ಲಿ ನಮ್ಮ ಸರ್ಕಾರ ಅಬಕಾರಿಯಿಂದ ₹40,000 ಕೋಟಿ ಬರಬೇಕೆಂದು ಬರೆದುಕೊಂಡಿತು. ಯಜಮಾನಿಯ ಖಾತೆಗೆ ತಿಂಗಳಿಗೆ ₹2,000 ಹಾಕುವುದು ಒಂದು ಲೆಕ್ಕ, ಯಜಮಾನನ ಕ್ವಾರ್ಟರಿನಿಂದ ವಸೂಲು ಮಾಡುವುದು ಇನ್ನೊಂದು ಲೆಕ್ಕ. ಎರಡು ಹಾಳೆ ಒಂದನ್ನೊಂದು ನೋಡಬಾರದು, ಅಷ್ಟೇ ಶಿಸ್ತು.

ಹೊರಡುವ ಹಿಂದಿನ ರಾತ್ರಿ ಊರಿಂದ ಅವನ ಅಮ್ಮನ ಫೋನು. ಎಲ್ಲಿಗೆ ಹೊರಟಿರಿ ಅಂದರು. ವೈನ್ ಅಂತ ಬಾಯಿಗೆ ಬರುವುದರೊಳಗೆ ಅವನ ನಾಲಿಗೆ ತಾನಾಗಿ ತಿರುಗಿತು. "ಇಲ್ಲೇ ಅಮ್ಮ, ಘಾಟಿ ಸುಬ್ರಹ್ಮಣ್ಯದ ಕಡೆ."

ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಗಂಟಲು ತುಂಬಿ ಬಂದ ದನಿ. "ಅಂತೂ ನಿಮಗೇ ತೋಚಿತಲ್ಲ. ಮದುವೆಯಾಗಿ ನಾಲ್ಕು ವರ್ಷ ಆಯ್ತು. ಒಂದು ಬೆಳ್ಳಿ ನಾಗರ ಒಪ್ಪಿಸಿ ಬನ್ನಿ ಮಗಾ. ಅವಳಿಗೂ ಸೀರೆ ಉಡೋಕೆ ಹೇಳು."

ಮಕ್ಕಳಾಗಲೆಂದು ನಾಗರಕಲ್ಲು ಪ್ರತಿಷ್ಠೆ ಮಾಡಿಸುವವರಿಂದ ತುಂಬಿದ ಕ್ಷೇತ್ರ ಅದು. ಹೀಗೆ ಇಬ್ಬರ ಪ್ರವಾಸಕ್ಕೆ ಇನ್ನೂ ಹುಟ್ಟದ ಮೂರನೆಯವನೊಬ್ಬ ಸೇರಿಕೊಂಡ. ಬೆಳ್ಳಿಯ ರೇಟು ಆ ದಿನಗಳಲ್ಲಿ ಹೇಗಿತ್ತೆಂದು ನಿಮಗೇ ಗೊತ್ತು. ಆದರೂ ಅವನ ಮುಖದಲ್ಲಿ ಚಿಂತೆಯಿರಲಿಲ್ಲ. 'ದೇವರು' ಎಂಬ ಹೊಸ ಹಾಳೆ ತೆರೆದಿದ್ದ. ಆ ಹಾಳೆಗೆ ಮಿತಿ ಹಾಕಲು ಯಾವ ಮನೆಯಲ್ಲೂ ಧೈರ್ಯವಿರುವುದಿಲ್ಲ.

ಬಾಯಿಂದ ವಾಸನೆ ಬರುವ ಮುಂಚೆ ದೇವರು, ಆಮೇಲೆ ತೋಟ ಎಂಬ ಕ್ರಮದಲ್ಲಿ ಬೆಳಿಗ್ಗೆ ಘಾಟಿ ಮುಗಿಸಿ, ಕಾರಿನಲ್ಲೇ ಸೀರೆ ಹೋಗಿ ಲಿನನ್ ಬಂದು, ಹನ್ನೊಂದಕ್ಕೆ ವೈನರಿಯ ಗೇಟಿನಲ್ಲಿದ್ದರು. ಯಾವ ವೈನರಿ ಎಂದು ಕೇಳಬೇಡಿ. ಪಾಪ, ಅವರ ತಪ್ಪೇನೂ ಇಲ್ಲ. ಬಂದವರಿಗೆ ಬೇಕಾದ್ದನ್ನು ಕೊಡುತ್ತಾರೆ.

ಗೈಡ್ ಹುಡುಗ ಚುರುಕು. ಸಾಲಿನ ತುದಿಯಲ್ಲಿ ಗುಲಾಬಿ ಗಿಡ ಯಾಕಿದೆ ಎಂದು ವಿವರಿಸಿದ: ಬೂದಿ ರೋಗ ಬಂದರೆ ಮೊದಲು ಗುಲಾಬಿಗೆ ಬರುತ್ತದೆ, ರೈತ ಎಚ್ಚೆತ್ತುಕೊಳ್ಳುತ್ತಾನೆ. ಅಷ್ಟರಲ್ಲಿ ನಾಲ್ಕು ಜೋಡಿಗಳು ಆ ಗುಲಾಬಿಯನ್ನು ಕಿವಿಗಿಟ್ಟುಕೊಂಡು ಫೋಟೊ ತೆಗೆಸಿಕೊಂಡಾಗಿತ್ತು. ನಮ್ಮ ಶೈಲಿ ಬೋರ್ಡೋ ಶೈಲಿ ಎಂದು ಅವನು ಹೇಳಿದಾಗ ತೀರ್ಥಹಳ್ಳಿಯವನು ಮೊದಲ ಸಲ ಬಾಯಿಬಿಟ್ಟ. "ಬೋರ್ಡೋ ಗೊತ್ತು. ಮೈಲುತುತ್ತ, ಸುಣ್ಣ. ಕೊಳೆರೋಗಕ್ಕೆ ಹೊಡೀತೀವಿ." ಗೈಡ್ ನಕ್ಕ, ಜೋಕ್ ಅಂದುಕೊಂಡ. ಜೋಕಲ್ಲ. ಆ ನೀಲಿ ದ್ರಾವಣ ಹುಟ್ಟಿದ್ದೇ ಬೋರ್ಡೋದ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ. ಮಳೆಗಾಲ ಹಿಡಿಯುವ ಮುಂಚೆ ಕೊನೆಗೌಡ ದೋಟಿಯ ತುದಿಯಿಂದ ಅಡಿಕೆ ಕೊನೆಗೆ ಸಿಂಪಡಿಸುವಾಗ ಅಂಗಿಯ ಮೇಲೆ ಬೀಳುವ ಆ ಕಲೆಯಷ್ಟು ಅಪ್ಪಟ ಫ್ರೆಂಚ್ ವಸ್ತು ಮಲೆನಾಡಿನಲ್ಲಿ ಇನ್ನೊಂದಿಲ್ಲ.

ಆಮೇಲೆ ಹುಡುಗ ಮಣ್ಣಿನ ಮಹಿಮೆಗೆ ಬಂದ. ಕೆಂಪು ಮಣ್ಣು, ಎತ್ತರದ ಜಾಗ, ಹಗಲು ಬಿಸಿಲು, ರಾತ್ರಿ ತಂಪು, ಇವೆಲ್ಲ ಸೇರಿ ಗುಟುಕಿನಲ್ಲಿ ಬರುತ್ತವೆ ಮ್ಯಾಮ್ ಎಂದ. ತಿಕೋಟಾದವಳು ಕೇಳಿದಳು: "ಅದೆಲ್ಲಾ ಖರೇರಿ. ಬೋರ್ ಎಷ್ಟು ಫೂಟ್ ಹೊಡಿಸೀರಿ?"

ಫ್ರೆಂಚ್ ಓಕಿನ ಪೀಪಾಯಿಯಲ್ಲಿ 225 ಲೀಟರ್ ಹಿಡಿಸುತ್ತದೆ ಎಂದು ಅವನಿಗೆ ಗೊತ್ತಿತ್ತು. ಬೋರಿನ ಆಳ ಸಿಲಬಸ್ಸಿನಲ್ಲಿ ಇರಲಿಲ್ಲ. ಆದರೆ ಆ ಬಯಲುಸೀಮೆಯಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಸಾವಿರ ಅಡಿ ದಾಟಿದರೂ ಬರೀ ಧೂಳು ಬಂದ ಕೊಳವೆಬಾವಿಗಳ ಸೀಮೆ ಅದು. ಕೆರೆಗಳು ಬತ್ತಿಹೋಗಿ, ಕೊನೆಗೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಬಂತು. ಬೆಂಗಳೂರಿನವರು ಸ್ನಾನ ಮಾಡಿ, ಫ್ಲಶ್ ಮಾಡಿ ಬಿಟ್ಟ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ, ದಿನಕ್ಕೆ 21 ಕೋಟಿ ಲೀಟರ್ ಪಂಪು ಮಾಡಿ, ಈ ಕಡೆಯ ಮತ್ತು ಚಿಕ್ಕಬಳ್ಳಾಪುರದ ಕಡೆಯ ಕೆರೆಗಳನ್ನು ತುಂಬಿಸುವ ಯೋಜನೆ. ಮೂರನೇ ಹಂತವೂ ಆಗಲಿ ಎಂದು ಅಲ್ಲಿನ ರೈತರು ಕೂಗುತ್ತಲೇ ಇದ್ದಾರೆ. ಆ ನೀರು ಕೆರೆಯಿಂದ ನೆಲಕ್ಕಿಳಿದು, ನೆಲದಿಂದ ಬೋರಿಗೆ ಬಂದು, ಬೋರಿನಿಂದ ಯಾವ ಯಾವ ಬೆಳೆಗೆ ಹೋಗುತ್ತದೆಂದು ಹೆಸರು ಹಿಡಿದು ಹೇಳುವುದು ಸಭ್ಯತೆಯಲ್ಲ. ಬೆಂಗಳೂರಿನವರು ವಾರಾಂತ್ಯಕ್ಕೆ ಅದರ ಬೆನ್ನಟ್ಟಿ ಬರುತ್ತಾರೆ ಎಂದಷ್ಟೇ ಹೇಳಬಹುದು.

ದ್ರಾಕ್ಷಿ ತುಳಿಯುವ ಕಾರ್ಯಕ್ರಮಕ್ಕೆ ಬೇರೆ ಶುಲ್ಕ. ತೊಟ್ಟಿಯೊಳಗೆ ಇಳಿಯುವ ಮುಂಚೆ ಅವಳು ಕೇಳಿದಳು, ಇದನ್ನೇ ಕುಡಿಯಲಿಕ್ಕೆ ಕೊಡುತ್ತೀರೇನು ಎಂದು. "ಇಲ್ಲ ಮ್ಯಾಮ್, ವೈನ್ ಮಾಡೋದು ಮಷೀನಲ್ಲಿ. ಇದು ಫೋಟೋಗೆ." ಅವಳು ಗಂಡನ ಕಡೆ ತಿರುಗಿದಳು. "ರೀ, ಸೂಟಿಗೆ ಬಾ, ಪಡದಾಗ ಕೆಲಸ ಐತಿ ಅಂತ ನಮ್ಮಪ್ಪ ಕರದರ ಹೊಟ್ಟೆನೋವು ಅಂತ ಮಲಗ್ತಿದ್ದೆ. ಈಗ ರೊಕ್ಕಾ ಕೊಟ್ಟು ತುಳ್ಯಾಕ ಬಂದೇನಿ. ಅವರಿಗೆ ಫೋಟೋ ಕಳಸಬ್ಯಾಡ್ರಿ." ತುಳಿದಳು. ಫೋಟೊ ಚೆನ್ನಾಗಿ ಬಂತು. ಯುಗಾದಿ ಬಟ್ಟೆಯ ಮೇಲೆ ಬಿದ್ದ ನೇರಳೆ ಕಲೆ ಈವರೆಗೂ ಹೋಗಿಲ್ಲ.

ರುಚಿ ನೋಡುವ ಕೋಣೆಯಲ್ಲಿ ಆರು ಬಗೆ, ಒಂದೊಂದಕ್ಕೂ ಎರಡು ಚಮಚ ಹೆಚ್ಚು ಕಡಿಮೆ. ಲೋಟ ಓರೆ ಮಾಡಿ ಬಣ್ಣ ನೋಡಬೇಕು, ಗಿರ್ರನೆ ತಿರುಗಿಸಬೇಕು, ಮೂಗು ಒಳಗಿಡಬೇಕು, ಒಂದು ಗುಟುಕು ಬಾಯಲ್ಲಿ ಆಡಿಸಬೇಕು, ಉಗಿಯಬೇಕು. ಉಗಿಯಲು ಹೊಳೆಯುವ ಪಾತ್ರೆಯೊಂದು ಮೇಜಿನ ನಡುವೆ. ಬಿಳಿ ವೈನಿನಲ್ಲಿ ಯಾವ ವಾಸನೆ ಬಂತು ಎಂದು ಹುಡುಗ ಕೇಳಿದ. ಎಲ್ಲರೂ ಪೀಚು, ಪ್ಯಾಶನ್ ಫ್ರೂಟು ಎಂದು ತಾವು ಜನ್ಮದಲ್ಲಿ ಕೊಳ್ಳದ ಹಣ್ಣುಗಳ ಹೆಸರು ಹೇಳುತ್ತಿದ್ದಾಗ ಇವಳು ದೊಣ್ಣೆ ಮೆಣಸಿನಕಾಯಿ ಅಂದಳು. ಕೋಣೆ ಕಿಸಕ್ಕೆಂದಿತು. ಹುಡುಗ ಮಾತ್ರ ಚಪ್ಪಾಳೆ ತಟ್ಟಿದ. ಸೋವಿನ್ಯೋಂ ಬ್ಲಾಂ ದ್ರಾಕ್ಷಿಯಲ್ಲಿ ಇರುವುದು ದೊಣ್ಣೆ ಮೆಣಸಿನಕಾಯಿಯ ವಾಸನೆಗೆ ಕಾರಣವಾಗುವ ರಾಸಾಯನಿಕವೇ. ಕೂಡಲೇ ಉಳಿದವರಿಗೂ ಮೆಣಸಿನಕಾಯಿ ಬಡಿಯತೊಡಗಿತು.

ಅಸಲಿ ಸಂಕಟ ಉಗಿಯುವುದರಲ್ಲಿ ಬಂತು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಿದರೆ ಮೊದಲ ಸಲಕ್ಕೇ ₹10,000 ದಂಡ, ಬೇಕಾದರೆ ಜೈಲೂ ಉಂಟು. ಹಾಗಾಗಿ ಅವನು ಪೂರ್ತಿ ಉಗಿಯಬೇಕು, ಅವಳು ಪೂರ್ತಿ ಕುಡಿಯಬೇಕು ಎಂದು ಮನೆಯಲ್ಲೇ ತೀರ್ಮಾನವಾಗಿತ್ತು. ಆದರೆ ಬಾಳೆಲೆಯ ಮೇಲೆ ಒಂದು ಅಗುಳು ಬಿಟ್ಟರೆ ಅಜ್ಜನಿಂದ ಬೈಸಿಕೊಂಡು ಬೆಳೆದವನು, ದುಡ್ಡು ಕೊಟ್ಟು ಬಾಯಿಗೆ ಹಾಕಿಕೊಂಡದ್ದನ್ನು ನಾಲ್ಕು ಜನರೆದುರು ಪಾತ್ರೆಗೆ ಉಗಿಯುವುದು ಹೇಗೆ? ಮೊದಲನೆಯದನ್ನು ಅರ್ಧ ನುಂಗಿದ. ಮೂರನೆಯದಕ್ಕೆ ಬರುವಾಗ ಪಾತ್ರೆಯನ್ನೇ ಪಕ್ಕದ ಮೇಜಿಗೆ ಸರಿಸಿದ್ದ. ಐದನೆಯದಾದ ಮೇಲೆ ಪಕ್ಕದ ಜೋಡಿ ಉಗಿಯುವುದನ್ನು ನೋಡಿ ಮರುಗತೊಡಗಿದ. "ಎಂಥಾ ದಂಡ ಮಾರಾಯ್ತಿ!"

ಈಗ ಇಬ್ಬರೂ ಸ್ಟೀರಿಂಗಿಗೆ ನಾಲಾಯಕ್ಕು. ಅಮಲು ಇಳಿಯುವವರೆಗೆ ಎಲ್ಲಾದರೂ ಕೂರಬೇಕು. ಕೂರಲು ಇದ್ದದ್ದು ಅಲ್ಲಿನ ರೆಸ್ಟೋರೆಂಟು ಮಾತ್ರ, ಅಲ್ಲಿ ಸುಮ್ಮನೆ ಕೂರಲು ಅದು ಅರಳಿಕಟ್ಟೆಯಲ್ಲ. ಚೀಸ್ ಹಲಗೆ ಬಂತು, ಪಾಸ್ತಾ ಬಂತು. ಅಮಲು ಇಳಿಯಲೆಂದು ಕೂತವರಿಗೆ ಊಟಕ್ಕೆ ಹೊಂದುವ ವೈನನ್ನು ವೇಟರ್ ಸೂಚಿಸಿದ, ಬೇಡ ಎನ್ನುವ ಸ್ಥಿತಿಯನ್ನು ಇಬ್ಬರೂ ದಾಟಿದ್ದರು. ಸಂಜೆ ಐದಕ್ಕೆ ಆ್ಯಪಿನಲ್ಲಿ ಡ್ರೈವರನ್ನು ಕರೆಸಿದರು. ಅವನು ಯಲಹಂಕದಿಂದ ಬಂದ. ಹೇಗೆ ಬಂದೆಯಪ್ಪ ಎಂದರೆ, "ಬಸ್ಸಲ್ಲಿ ಸಾರ್" ಎಂದ.

ದಾರಿಯಲ್ಲಿ ದ್ರಾಕ್ಷಿ ಗಾಡಿ. ಗಾಡಿಯವನು ವಾಪಸ್ ಬೆಂಗಳೂರಿಗೆ ಹೋಗುವ ಮಗ್ಗುಲಿಗೇ ನಿಲ್ಲಿಸಿಕೊಂಡಿದ್ದ, ಬೆಂಗಳೂರಿನಿಂದ ಬರುವ ಮಗ್ಗುಲಿಗಲ್ಲ. ಬರುವಾಗ ಜನ ಲೆಕ್ಕ ಹಾಕುತ್ತಾರೆ, ಹೋಗುವಾಗ ಹಾಕುವುದಿಲ್ಲ ಎಂದು ಅವನಿಗೆ ಯಾವ ಸಮೀಕ್ಷೆಯೂ ಹೇಳಿಕೊಡಬೇಕಿರಲಿಲ್ಲ. ಅವನು ಹೇಳಿದ ರೇಟು ಮಲ್ಲೇಶ್ವರದ ಮಾರ್ಕೆಟ್ಟಿಗಿಂತ ಜಾಸ್ತಿ. ಇವರು ತೋಟದಿಂದ ನೇರ ಬಂದ ಹಣ್ಣು ಎಂದು ನಾಲ್ಕು ಬಾಕ್ಸ್ ಹಾಕಿಸಿಕೊಂಡರು. ಉದ್ದನೆಯ ಹಸಿರು ಕಾಯನ್ನು ಬಾಯಿಗೆ ಹಾಕಿಕೊಂಡವಳು ಹುಬ್ಬೇರಿಸಿದಳು.

"ಅಣ್ಣಾ, ಇವು ನಮ್ಮೂರ ಕಡೀ ಹಣ್ಣು ಅಲ್ಲೇನ್ರಿ?"

"ಹ್ಞೂಂ ಅಕ್ಕ, ಬಿಜಾಪುರದ ಮಾಲು. ನಮ್ದು ಅಲ್ಲೈತೆ ನೋಡಿ, ಬೆಂಗಳೂರು ನೀಲಿ." ಗಾಡಿಯ ಮೂಲೆಯಲ್ಲಿ ಕಪ್ಪು ಹಣ್ಣಿನ ಸಣ್ಣ ಗುಡ್ಡೆ. 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕ ತಳಿ, ಈ ಸೀಮೆಯದೇ ಹೆಸರಿನದು. "ಅದ್ರಲ್ಲಿ ಬೀಜ ಇರ್ತದೆ ಅಂತ ಕಾರ್‌ನೋರು ಮುಟ್ಟಲ್ಲ."

ರಾತ್ರಿ ಶೀಟು ತೆರೆಯಿತು. ಟೇಸ್ಟಿಂಗ್ ಶುಲ್ಕವೊಂದು ಪ್ರವಾಸದ ಹಾಳೆಗೆ. ಡ್ರೈವರು 'ಕಾರು' ಹಾಳೆಗೆ, ರಿಪೇರಿ ಅಂತ. ದ್ರಾಕ್ಷಿ ತರಕಾರಿಗೆ. ಬಾಸಿಗೆಂದು ಕೊಂಡು ಮರುದಿನವೇ ಮನೆಯಲ್ಲಿ ತೆರೆಯಲಿದ್ದ ಬಾಟಲಿ ಉಡುಗೊರೆಗೆ. ಊಟದ ಬಿಲ್ಲು ಮಾತ್ರ ಎಲ್ಲಿಯೂ ಹೊಂದಲಿಲ್ಲ. ಬೆಳಿಗ್ಗೆ ಉಪವಾಸವಿದ್ದು ದರ್ಶನ ಮಾಡಿದ್ದರಿಂದಲೇ ಅಷ್ಟು ಹಸಿವಾದದ್ದು ಎಂದು ಅವಳು ನೆನಪಿಸಿದ ಮೇಲೆ ಅದೂ 'ದೇವರು' ಹಾಳೆಯಲ್ಲಿ ಬೆಳ್ಳಿ ನಾಗರದ ಕೆಳಗೆ ಹೋಗಿ ಕೂತಿತು. ಪ್ರವಾಸದ ಮೊತ್ತ ₹5,000ಕ್ಕಿಂತ ಕೆಳಗೇ ನಿಂತಿತು. ಅವನಿಗೆ ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಡ್ರೈವರನ್ನು ಕರೆಸಿದ್ದರಿಂದ ಉಳಿದ ₹10,000 ದಂಡವನ್ನು ಆದಾಯದ ಕಡೆ ಬರೆದ. ಮೊತ್ತದ ಅಂಕಿ ಹಸಿರಾಯಿತು.

"ಇಷ್ಟು ಉಳದದ ಅಂದ್ರ, ಮುಂದಿನ ಸಲ ನಾಸಿಕಕ್ಕ ಹೋಗೂಣ್ರಿ" ಎಂದಳು ಅವಳು.